ಕಪ್ಪು ಪರದೆಯ ಮೇಲೆ ಸಂಕಮ್ಮನ ಸಾಲು

ಸಾಲು ಎಂಬ ಮಾತಿಗೆ ಕೊಳ್ಳೇಗಾಲ, ಹನೂರು, ಯಳಂದೂರಿನ ಸೀಮೆಯಲ್ಲಿ ಒಂದರ್ಥ ಹೆಚ್ಚಿಗೆ ಇದೆ. ಬರೆಯುವ ಸಾಲು, ಉಳುವ ಸಾಲು ಎಲ್ಲ ಊರಿನಲ್ಲೂ ಇರತಕ್ಕದ್ದೇ. ಇಲ್ಲಿನವರಿಗೆ ಮಲೆ ಮಹದೇಶ್ವರನ ಕಥೆಯ ಒಂದೊಂದು ಭಾಗವೂ ಒಂದು ಸಾಲು. ಸಂಕಮ್ಮನ ಸಾಲು, ಶ್ರವಣದೊರೆ ಸಾಲು, ಜುಂಜೇಗೌಡನ ಸಾಲು, ಇಕ್ಕೇರಿ ದೇವಮ್ಮನ ಸಾಲು ಎಂದು ಕಂಸಾಳೆಯ ದೇವರಗುಡ್ಡರು ಹಾಡಲು ಕುಳಿತರೆ, ಒಂದು ಸಾಲು ಮುಗಿಯುವಷ್ಟರಲ್ಲಿ ಕೋಳಿ ಕೂಗಿದರೂ ಆಶ್ಚರ್ಯವಿಲ್ಲ. ಇತ್ತ ಕಂಪ್ಯೂಟರಿನ ಮಂದಿಗೂ ಒಂದು ಸಾಲಿದೆ. ಅವರು ಅದನ್ನು ಕಮ್ಯಾಂಡ್ ಲೈನ್ ಎನ್ನುತ್ತಾರೆ. ಆದೇಶದ ಸಾಲು ಎಂದರೆ ತಪ್ಪಾಗಲಾರದು. ಅಲ್ಲಿ ಚಿತ್ರವಿಲ್ಲ, ಗುಂಡಿಗಳಿಲ್ಲ, ಮೌಸಿನ ಓಡಾಟವಿಲ್ಲ. ಟರ್ಮಿನಲ್ ಎಂಬ ಕಪ್ಪು ಪರದೆ, ಅದರ ಮೂಲೆಯಲ್ಲಿ ಮಿಣುಕುವ ಒಂದು ಗೆರೆ. ಬೇಕಾದ್ದನ್ನು ಅಕ್ಷರದಲ್ಲಿ ಟೈಪು ಮಾಡಿ ಎಂಟರ್ ಒತ್ತಬೇಕು, ಅಷ್ಟೆ. ಕೊಳ್ಳೇಗಾಲದ ಒಂದು ಮನೆಯಲ್ಲಿ ಈ ಎರಡೂ ಸಾಲುಗಳು ಒಂದನ್ನೊಂದು ಸಂಧಿಸಿದವು.

ಆ ಮನೆಯ ಹುಡುಗ ದ್ವಿತೀಯ ಪಿಯುಸಿ ಓದುತ್ತಿದ್ದಾನೆ. ಅಪ್ಪ ರೇಷ್ಮೆ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವರು. ವಿಂಡೋಸ್ 10ಕ್ಕೆ ಸಿಗುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತುಹೋಯಿತಷ್ಟೆ. ಹಳೆಯ ಯಂತ್ರಗಳೆಷ್ಟೋ ವಿಂಡೋಸ್ 11ನ್ನು ಒಲ್ಲೆ ಎಂದವು. ಹಾಗೆ ಮೂಲೆ ಸೇರಿದ ಅಂಗಡಿಯ ಕಂಪ್ಯೂಟರೊಂದು, ಮಾಲೀಕರ ಔದಾರ್ಯದಿಂದ, ಇವರ ಮನೆಗೆ ಬಂದಿತು. ಅದರ ಸ್ಮೃತಿ ಎರಡೇ ಜಿ.ಬಿ. ಇಂದಿನ ಕಾಲಕ್ಕೆ ಅದು ಮುಪ್ಪಿನ ಎತ್ತು. ಹುಡುಗ ಕಾಲೇಜಿನ ಗೆಳೆಯನಿಂದ ಪೆನ್‌ಡ್ರೈವ್ ತಂದು ಅದಕ್ಕೆ ಡೆಬಿಯನ್ ಎಂಬ ಲಿನಕ್ಸ್ ಹಾಕಿದ. 1993ರಲ್ಲಿ ಶುರುವಾಗಿ ಇಂದಿಗೂ ಸ್ವಯಂಸೇವಕರೇ ನಡೆಸಿಕೊಂಡು ಬಂದಿರುವ, ಬಿಡಿಗಾಸು ಕೇಳದ ವ್ಯವಸ್ಥೆ ಅದು. ಎತ್ತು ಎದ್ದು ನಿಂತಿತು. ಆದರೆ ಹಾಡು ಕೇಳೋಣವೆಂದು ಬ್ರೌಸರ್ ತೆರೆದರೆ ಮತ್ತೆ ಮಂಡಿಯೂರಿತು. ಆಗಲೇ ಅವನು ಟರ್ಮಿನಲ್ಲಿನ ಒಳಗೇ ಓಡುವ ಹಾಡುಯಂತ್ರಗಳ ಬೆನ್ನು ಹತ್ತಿದ್ದು.

ಅಪ್ಪನಿಗೆ ಗಾಬರಿಯಾಯಿತು.

"ಏನ್ಲಾ ಇದು? ಸಿನಿಮಾದಲ್ಲಿ ಬ್ಯಾಂಕ್ ದುಡ್ಡು ಹೊಡೆಯೋರು ಇಂತದ್ನೇ ಮುಂದಿಟ್ಕೊಂಡು ಕುಂತಿರ್ತಾರಲ್ಲ."

"ಹಾಡು ಹಾಕ್ತಾವ್ನಿ ಕನಪ್ಪ."

"ಹಾಡು ಹಾಕಕ್ಕೆ ಗುಂಡಿ ಇರ್ತದೆ. ಇದ್ರಲ್ಲಿ ಎಲ್ಲದ್ಲಾ?"

ಪ್ರಶ್ನೆ ನ್ಯಾಯವಾದದ್ದೇ. ಮಕ್ಕಳು ಕಪ್ಪು ಪರದೆಯ ಮುಂದೆ ಕುಳಿತಿದ್ದನ್ನು ಕಂಡು ಎದೆ ಧಸಕ್ಕೆಂದ ತಂದೆತಾಯಂದಿರು ಈ ಪುಟ ಓದುತ್ತಿದ್ದರೆ ಅವರಿಗೊಂದು ಮಾತು: ಟರ್ಮಿನಲ್ ಎಂಬುದು ಕಳ್ಳದಾರಿಯಲ್ಲ, ಅದು ಕಂಪ್ಯೂಟರಿನ ಹಳೆಯ ಹೆದ್ದಾರಿ. ಚಿತ್ರ, ಕಿಟಕಿಗಳೆಲ್ಲ ಆಮೇಲೆ ಬಂದ ಸಿಂಗಾರ.

ಈಗ ಬಿಸ್ಕತ್ತಿನ ತಗಡಿನ ಡಬ್ಬಿಯ ವಿಷಯ. ಅದು ಆ ಮನೆಯ ಅಟ್ಟದ ಮೇಲಿತ್ತು. ಒಳಗೆ ಹನ್ನೊಂದು ಕ್ಯಾಸೆಟ್ಟು. ನಾಲ್ಕು ಜಾತ್ರೆಯಲ್ಲಿ ಕೊಂಡವು. ಅವುಗಳ ಮೇಲೆ ಮಳವಳ್ಳಿ ಮಹದೇವಸ್ವಾಮಿಯವರ ಹೆಸರು ಅಚ್ಚಾಗಿತ್ತು. ಉಳಿದ ಏಳು ಬೇರೆ ಬಗೆಯವು. ಅಪ್ಪನ ಹುಟ್ಟೂರು ಹನೂರಿಗೆ ಹತ್ತಿರದ ಒಂದು ಹಳ್ಳಿ. 1994ರ ದೀಪಾವಳಿಯ ಹೊತ್ತಿನಲ್ಲಿ ಅಲ್ಲಿ ತಾತನ ಮನೆಯ ಜಗಲಿಯ ಮೇಲೆ ದೇವರಗುಡ್ಡರನ್ನು ಕೂರಿಸಿ ಕಥೆ ಮಾಡಿಸಿದ್ದರು. ಆಗ ಕಾಲೇಜಿಗೆ ಹೋಗುತ್ತಿದ್ದ ಅಪ್ಪ, ನೆರೆಮನೆಯ ಟೇಪ್‌ರೆಕಾರ್ಡರ್ ಎರವಲು ತಂದು, ಅರ್ಧರ್ಧ ಗಂಟೆಗೊಮ್ಮೆ ಕ್ಯಾಸೆಟ್ಟು ಮಗುಚುತ್ತ ರಾತ್ರಿಯಿಡೀ ಕುಳಿತಿದ್ದರು. ಆ ಏಳರ ಮೇಲೆ ಬಾಲ್‌ಪೆನ್ನಿನಲ್ಲಿ ಒಂದು, ಎರಡು, ಮೂರು ಎಂದು ಅಂಕಿ ಬರೆದದ್ದು ಬಿಟ್ಟರೆ ಇನ್ನೇನೂ ಇಲ್ಲ. ಎರಡರ ಅಂಕಿಯೂ ಅಳಿಸಿಹೋಗಿತ್ತು.

ಅರವತ್ತು ನಿಮಿಷದ ಕ್ಯಾಸೆಟ್ಟಿನೊಳಗೆ ಸುಮಾರು 86 ಮೀಟರ್ ಟೇಪು ಇರುತ್ತದೆ. ಸೆಕೆಂಡಿಗೆ 4.76 ಸೆಂಟಿಮೀಟರಿನಂತೆ ಅದು ಓಡುತ್ತದೆ. ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅಂಟಿನಲ್ಲಿ ಕೂರಿಸಿದ ಕಬ್ಬಿಣದ ಆಕ್ಸೈಡಿನ ಪುಡಿಯೇ ಅದರ ಜೀವ. ತೇವಕ್ಕೆ ಬೂಷ್ಟು ಹಿಡಿಯುತ್ತದೆ, ಸೆಕೆಗೆ ಅಂಟು ಸಡಿಲವಾಗುತ್ತದೆ, ಪುಡಿ ಉದುರಿದಲ್ಲಿ ದನಿಯೂ ಉದುರುತ್ತದೆ. ಮೂವತ್ತು ವರ್ಷ ದಾಟಿದ ಟೇಪನ್ನು ಇನ್ನೊಂದು ದೀಪಾವಳಿಗೆ ನೋಡೋಣ ಎಂದು ಮುಂದಕ್ಕೆ ಹಾಕುವಂತಿಲ್ಲ.

ಹುಡುಗ ದುರಸ್ತಿ ಅಂಗಡಿಯಿಂದ ಒಂದು ಹಳೆಯ ಟೇಪ್‌ರೆಕಾರ್ಡರ್ ತಂದ. ಅದರ ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿನ ಹಿಂಬದಿಯ ನೀಲಿ ತೂತಿಗೆ ಒಂದು ಆಕ್ಸ್ ಕೇಬಲ್ ಎಳೆದ. ಗುಲಾಬಿ ಬಣ್ಣದ್ದು ಮೈಕಿಗೆ, ಹಸಿರು ಸ್ಪೀಕರಿಗೆ, ನೀಲಿ ಹೊರಗಿನ ಯಂತ್ರದ ದನಿಗೆ. ಅಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಕೆಂಪು ಗುಂಡಿ ಒತ್ತಿ ಕೂತ. ಈ ಕೆಲಸಕ್ಕೆ ಅಡ್ಡದಾರಿಯಿಲ್ಲ. ಒಂದು ಗಂಟೆಯ ಕ್ಯಾಸೆಟ್ಟಿಗೆ ಒಂದು ಗಂಟೆ ಕೂರಲೇಬೇಕು. ಎಂಪಿ3 ಮಾಡಿದರೆ, ಸೆಕೆಂಡಿಗೆ 128 ಕಿಲೋಬಿಟ್ಟಿನ ಲೆಕ್ಕದಲ್ಲಿ, ಗಂಟೆಗೆ 58 ಎಂ.ಬಿ. ಆಗುತ್ತದೆ. ಹನ್ನೊಂದು ಕ್ಯಾಸೆಟ್ಟೂ ಸೇರಿ 640 ಎಂ.ಬಿ. ಒಳಗೇ ಮುಗಿಯಿತು. ಇಡೀ ಡಬ್ಬಿ ಒಂದು ಸಿ.ಡಿ.ಯಲ್ಲಿ ಹಿಡಿಸುತ್ತದೆ!

ಇನ್ನು ಹಾಡುಯಂತ್ರ. ಟರ್ಮಿನಲ್ಲಿಗೆ ಇಂಥವು ಹಲವಿವೆ. ಒಂದೇ ಹಾಡು ಕೇಳಬೇಕಾದರೆ ಎಂಪಿಜಿ123 ಸಾಕು: ಅದರ ಹೆಸರು ಬರೆದು, ಪಕ್ಕದಲ್ಲಿ ಹಾಡಿನ ಕಡತದ ಹೆಸರು ಬರೆದು ಎಂಟರ್ ಒತ್ತಿದರೆ ಹಾಡುತ್ತದೆ, ಮುಗಿದ ಮೇಲೆ ಸುಮ್ಮನಾಗುತ್ತದೆ. ಸಂಗ್ರಹವೆಂಬುದು ಇದ್ದವರಿಗೆ ಮಾತ್ರ ಸಿ, ಎಂ, ಯು, ಎಸ್ ಎಂಬ ನಾಲ್ಕಕ್ಷರದ ಸಿಮಸ್ ಅನುಕೂಲ. ಟಿಮೊ ಹಿರ್ವೊನೆನ್ ಎಂಬವರು ಸಿ ಭಾಷೆಯಲ್ಲಿ ಬರೆದು ಶುರುಮಾಡಿದ ಇದನ್ನು ಈಗ ಹಲವರು ಸೇರಿ ನೋಡಿಕೊಳ್ಳುತ್ತಿದ್ದಾರೆ.

ಡೆಬಿಯನ್, ಉಬುಂಟು ಇರುವವರು ಟರ್ಮಿನಲ್ ತೆರೆದು ಸುಡೊ, ಆಪ್ಟ್, ಇನ್‌ಸ್ಟಾಲ್, ಸಿಮಸ್ ಎಂಬ ನಾಲ್ಕು ಪದಗಳನ್ನು ಇಂಗ್ಲಿಷಿನ ಸಣ್ಣಕ್ಷರದಲ್ಲಿ, ನಡುವೆ ಒಂದೊಂದು ಜಾಗ ಬಿಟ್ಟು ಬರೆಯಬೇಕು. ಆಮೇಲೆ ಅದು ಪಾಸ್‌ವರ್ಡ್ ಕೇಳುತ್ತದೆ. ಹೊಸಬರು ಮುಗ್ಗರಿಸುವುದು ಇಲ್ಲಿಯೇ. ಟೈಪು ಮಾಡುತ್ತಿದ್ದರೂ ಪರದೆಯ ಮೇಲೆ ಒಂದು ಚುಕ್ಕೆಯೂ ಮೂಡುವುದಿಲ್ಲ; ಕೀಲಿಮಣೆ ಕೆಟ್ಟಿತೆಂದು ಹುಡುಗ ಮೂರು ಸಲ ವೈರು ಕಿತ್ತು ಚುಚ್ಚಿದ. ಕೆಟ್ಟಿರುವುದಿಲ್ಲ. ಪಕ್ಕದಲ್ಲಿ ನಿಂತವರಿಗೆ ಎಷ್ಟಕ್ಷರವೆಂದೂ ತಿಳಿಯಬಾರದೆಂದು ಯಂತ್ರ ಮೌನ ವಹಿಸಿರುತ್ತದೆ. ಧೈರ್ಯವಾಗಿ ಬರೆದು ಎಂಟರ್ ಒತ್ತಬೇಕು.

ಸಿಮಸ್ ಎಂದು ಬರೆದು ಎಂಟರ್ ಒತ್ತಿದರೆ ಪರದೆ ಎರಡು ಭಾಗವಾಗುತ್ತದೆ. ಮೊದಲ ಸಲ ಎರಡೂ ಖಾಲಿ. ಅಂಗಡಿ ಬಾಗಿಲು ತೆಗೆದಿದೆ, ಸರಕಿಲ್ಲ. ಕೋಲನ್ ಚಿಹ್ನೆ ಒತ್ತಿ, ಆಡ್ ಎಂದು ಬರೆದು, ಜಾಗ ಬಿಟ್ಟು ಹಾಡುಗಳಿರುವ ಫೋಲ್ಡರಿನ ದಾರಿ ಕೊಟ್ಟರೆ ಸರಕು ಒಳಗೆ ಬರುತ್ತದೆ. ಆಮೇಲೆ ಬಾಣದ ಕೀಗಳಿಂದ ಮೇಲೆ ಕೆಳಗೆ, ಟ್ಯಾಬ್‌ನಿಂದ ಈ ಭಾಗದಿಂದ ಆ ಭಾಗಕ್ಕೆ, ಎಂಟರ್ ಒತ್ತಿದರೆ ಹಾಡು. ಸಿ ಒತ್ತಿದರೆ ತಡೆಯುತ್ತದೆ, ಮತ್ತೆ ಒತ್ತಿದರೆ ನಡೆಯುತ್ತದೆ. ಬಿ ಮುಂದಿನದು, ಝಡ್ ಹಿಂದಿನದು, ವಿ ಪೂರ್ತಿ ನಿಲುಗಡೆ. ಕೂಡಿಸುವ, ಕಳೆಯುವ ಚಿಹ್ನೆಗಳಿಂದ ದನಿ ಏರಿಳಿಯುತ್ತದೆ. ಓರೆಗೆರೆ ಒತ್ತಿ ಹೆಸರು ಬರೆದರೆ ಹುಡುಕಿ ಕೊಡುತ್ತದೆ. 1ರಿಂದ 7ರವರೆಗಿನ ಅಂಕಿಗಳು ಏಳು ನೋಟಗಳು. ಸಣ್ಣಕ್ಷರ ದೊಡ್ಡಕ್ಷರಗಳಿಗೆ ಇಲ್ಲಿ ಭೇದವುಂಟೆಂಬುದನ್ನು ಮರೆಯಬಾರದು. ಸಣ್ಣ ಸಿ ಒತ್ತುವ ಬದಲು ದೊಡ್ಡ ಸಿ ಒತ್ತಿದರೆ, ಒಂದು ಹಾಡು ಮುಗಿದ ಬಳಿಕ ಮುಂದಿನದಕ್ಕೆ ಹೋಗುವ ಅಭ್ಯಾಸವನ್ನೇ ಅದು ಬಿಟ್ಟುಬಿಡುತ್ತದೆ. ಮುಗಿಸಲು ಕ್ಯೂ, ಹೌದೇ ಎಂದು ಕೇಳಿದರೆ ವೈ. ಒಂದು ಸಂಜೆಯಲ್ಲಿ ಬೆರಳಿಗೆ ರೂಢಿಯಾಗುವ ವಿದ್ಯೆ ಇದು, ಇದಕ್ಕೆ ಟ್ಯೂಷನ್ ಬೇಡ.

ಸರಕೇನೋ ಒಳಗೆ ಬಂತು. ಆದರೆ ಜಾತ್ರೆಯದೂ ಮನೆಯದೂ ಸೇರಿ ಎಲ್ಲವೂ ಒಂದೇ ತಲೆಬರಹದ ಕೆಳಗೆ ರಾಶಿ ಬಿದ್ದವು. ಆ ತಲೆಬರಹ: ನೋ ನೇಮ್. ಹೆಸರಿಲ್ಲ.

ಸಿಮಸ್‌ನದೇನೂ ತಪ್ಪಿಲ್ಲ. ಎಂಪಿ3 ಕಡತದೊಳಗೆ ಹಾಡಿನ ಜೊತೆ ಒಂದು ಚೀಟಿ ಇರುತ್ತದೆ; ಟ್ಯಾಗ್ ಎನ್ನುತ್ತಾರೆ. ಹಾಡಿದವರು, ಸಂಗ್ರಹದ ಹೆಸರು, ಎಷ್ಟನೆಯದು, ಯಾವ ವರ್ಷದ್ದು ಎಂದು ಅದರಲ್ಲಿ ಬರೆದಿದ್ದರೆ ಅದರಂತೆ ಜೋಡಿಸುತ್ತದೆ. ಬರೆಯದಿದ್ದರೆ ಹೆಸರಿಲ್ಲದವರ ಪಂಕ್ತಿಯಲ್ಲಿ ಕೂರಿಸುತ್ತದೆ. ಸಿನಿಮಾ ಹಾಡಿಗೆ ಈ ತಾಪತ್ರಯವಿಲ್ಲ, ಚೀಟಿ ಬರೆದುಕೊಂಡೇ ಬರುತ್ತದೆ. ಫೋನಿನ ಆಪ್‌ಗಳಂತೂ ಹಾಡಿದವರ ಚಿತ್ರವನ್ನೂ ತೋರಿಸುತ್ತವೆ. ನಿಜ ಹೇಳಬೇಕೆಂದರೆ ಸಿನಿಮಾ ಹಾಡಷ್ಟೇ ಬೇಕಾದವರಿಗೆ ಫೋನೇ ಸಲೀಸು. ಟರ್ಮಿನಲ್ಲಿನಲ್ಲಿ ಕೇಳಿದ ಮಾತ್ರಕ್ಕೆ ಹಾಡು ಇಂಪಾಗುವುದಿಲ್ಲ. ಆದರೆ 1994ರಲ್ಲಿ ಹನೂರಿನ ಬಳಿ ಒಂದು ಜಗಲಿಯ ಮೇಲೆ ಹಾಡಿದವರ ಹೆಸರು ಯಾವ ಆಪ್‌ಗೂ ಗೊತ್ತಿಲ್ಲ. ಡಾ. ಪಿ.ಕೆ. ರಾಜಶೇಖರ ಅವರು ಈ ಮಹಾಕಾವ್ಯವನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ್ದಾರೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯವೂ ಒಂದು ಪಾಠವನ್ನು ಪುಸ್ತಕ ಮಾಡಿದೆ. ಕಥೆ ಹಾಗೆ ಉಳಿದಿದೆ. ಆ ರಾತ್ರಿಯ ಗಂಟಲು ಯಾರದೆಂಬುದು ಪುಸ್ತಕದಲ್ಲಿ ಸಿಗುವಂಥದ್ದಲ್ಲ.

"ಯಾರಪ್ಪ ಹಾಡಿರೋದು?" ಎಂದು ಮಗ ಕೇಳಿದ. ಅಪ್ಪ ತಲೆ ಕೆರೆದುಕೊಂಡರು. ರಾತ್ರಿಯಿಡೀ ಎದುರಿಗೆ ಕುಳಿತು ಕ್ಯಾಸೆಟ್ಟು ಮಗುಚಿದವರಿಗೆ ಹಾಡಿದವರ ಮುಖ ನೆನಪಿದೆ, ಹಣೆಯ ವಿಭೂತಿ ನೆನಪಿದೆ, ಕಂಸಾಳೆಯ ಬಟ್ಟಲು ಬೀಸುವಾಗ ಮೊಣಕೈ ಹೋಗುತ್ತಿದ್ದ ರೀತಿಯೂ ನೆನಪಿದೆ. ಹೆಸರಿಲ್ಲ. "ಗುಡ್ಡಪ್ಪ ಅಂತಿದ್ವಿ ಕನ್ಲಾ" ಎಂದರು. ದೇವರಗುಡ್ಡರನ್ನೆಲ್ಲ ಆ ಕಡೆ ಕರೆಯುವುದೇ ಹಾಗೆ.

ಭಾನುವಾರ ಹುಡುಗ ಬಸ್ಸು ಹತ್ತಿ ಯಳಂದೂರಿಗೆ ಹೋದ. ಅಪ್ಪನ ಅಕ್ಕನನ್ನು ಕೊಟ್ಟಿರುವ ಊರು ಅದು. ಮೊದಲ ಕ್ಯಾಸೆಟ್ಟನ್ನು ಫೋನಿಗೆ ಹಾಕಿಕೊಂಡು ಹೋಗಿದ್ದ. ಸೋದರತ್ತೆ ಒಲೆಯ ಮುಂದಿನಿಂದ ಏಳದೆಯೇ ಎರಡು ನಿಮಿಷ ಕೇಳಿದರು. ಹಾಡಿದವರ ಹೆಸರು ಹೇಳಿದರು, ಅವರ ಊರು ಹೇಳಿದರು, ಅವರ ಮಗಳನ್ನು ಯಾವ ಊರಿಗೆ ಕೊಟ್ಟರೆಂದೂ ಹೇಳಿದರು. ಹಿಮ್ಮೇಳದ ಇಬ್ಬರಲ್ಲಿ ಒಬ್ಬರ ಹೆಸರು ಬಂತು, ಇನ್ನೊಬ್ಬರದು ಬರಲಿಲ್ಲ. ಅಷ್ಟರಲ್ಲಿ ಫೋನಿನಲ್ಲಿ ಹಾಡಿನ ನಡುವೆ "ಹ್ಞೂಂ" ಎಂದು ಯಾರೋ ಹೂಂಗುಟ್ಟಿದ್ದು ಕೇಳಿಸಿತು. ಅತ್ತೆ ಒಲೆ ಆರಿಸಿದರು. "ಅಪ್ಪಯ್ಯ ಅಲ್ವಾ ಅದು" ಎಂದರು. ತಾತ ಹೋಗಿ ಹತ್ತೊಂಬತ್ತು ವರ್ಷವಾಗಿತ್ತು. ಹುಡುಗ ಅವರ ದನಿ ಕೇಳಿದ್ದು ಅದೇ ಮೊದಲು. ಅಷ್ಟು ದಿನವೂ ಅದನ್ನು ಟೇಪಿನ ಕೊರಕಲು ಸದ್ದೆಂದುಕೊಂಡು ಅಡಾಸಿಟಿಯಲ್ಲಿ ಅಳಿಸುವುದು ಹೇಗೆಂದು ಯೋಚಿಸುತ್ತಿದ್ದ.

ಮರಳಿ ಬಂದು ಚೀಟಿ ಬರೆಯಲು ಕುಳಿತಾಗ ಇನ್ನೊಂದು ತೊಡಕು. ಇಂಗ್ಲಿಷಿನಲ್ಲಿ ಬರೆಯೋಣವೆಂದರೆ ಎಂ, ಎ, ಎಲ್, ಇ ಎಂಬ ನಾಲ್ಕಕ್ಷರವನ್ನು ಮಲೆ ಎಂದೂ ಓದಬಹುದು, ಮಳೆ ಎಂದೂ ಓದಬಹುದು, ಮಾಲೆ ಎಂದೂ ಓದಬಹುದು. ಇಂಗ್ಲಿಷ್ ಬಲ್ಲವರು ಗಂಡಸು ಎಂದು ಓದುತ್ತಾರೆ. ಕನ್ನಡದಲ್ಲೇ ಬರೆದರೆ ಟರ್ಮಿನಲ್ಲಿಗೆ ಅಜೀರ್ಣ. ಅದರ ಪರದೆ ಚೌಕುಳಿ ಪುಸ್ತಕವಿದ್ದ ಹಾಗೆ, ಒಂದು ಮನೆಗೆ ಒಂದು ಅಕ್ಷರ. ಇಂಗ್ಲಿಷಿನ ಅಕ್ಷರಗಳು ಅದರೊಳಗೆ ಶಿಸ್ತಾಗಿ ಕೂರುತ್ತವೆ. ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಕೊಂಬು ಪಕ್ಕಕ್ಕೆ ಚಾಚುತ್ತದೆ, ಒಂದು ಮನೆಯಲ್ಲಿ ಹಿಡಿಸದೆ ಪಕ್ಕದವರ ಮೇಲೆ ಬೀಳುತ್ತದೆ. ಯುನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದ್ದರೂ ಟರ್ಮಿನಲ್ಲುಗಳು ಹೆಚ್ಚಿನವು ಇನ್ನೂ ಈ ಸಂಸಾರ ತೂಗಿಸಲು ಕಲಿತಿಲ್ಲ. ಸಂಕಮ್ಮನ ಒತ್ತು ಒಂದು ಮನೆ ಆಚೆ ಹೋಗಿ ನಿಂತಿತು. ಆದರೂ ಹುಡುಗ ಕನ್ನಡವನ್ನೇ ಇಟ್ಟುಕೊಂಡ, ಅದು ಸರಿಯಾದ ತೀರ್ಮಾನ. ಪರದೆಯ ಮೇಲೆ ಕೆಟ್ಟಂತೆ ಕಂಡರೂ ಕಡತದೊಳಗಿನ ಅಕ್ಷರ ಕೆಟ್ಟಿರುವುದಿಲ್ಲ. ಅದೇ ಕಡತ ಫೋನಿನಲ್ಲಿ ತೆರೆದರೆ ಸಂಕಮ್ಮ ನೆಟ್ಟಗೆ ನಿಲ್ಲುತ್ತಾಳೆ. ಕಡತದ ಹೆಸರನ್ನು ಮಾತ್ರ ಇಂಗ್ಲಿಷ್ ಅಕ್ಷರ, ಅಂಕಿಗಳಲ್ಲಿ ಇಟ್ಟ. ಅಂಕಿಯನ್ನು 1, 2 ಎಂದು ಬರೆಯದೆ 01, 02 ಎಂದು ಬರೆದ. ಅಕ್ಷರಮಾಲೆಯ ಲೆಕ್ಕದಲ್ಲಿ ಜೋಡಿಸುವ ಯಂತ್ರಕ್ಕೆ 1ರ ಮುಂದಿನದು 10, ಅದರ ಮುಂದೆ 11, ಆಮೇಲೆ 2. ಒಂದು ಸೊನ್ನೆ ಮುಂದಿಟ್ಟರೆ ಈ ರಗಳೆಯಿಲ್ಲ. ಚೀಟಿ ಬರೆಯಲು ಈಸಿಟ್ಯಾಗ್ ಎಂಬ ತಂತ್ರಾಂಶ ಬಳಸಿದ. ಬರೆದ ಮೇಲೆ ಸಿಮಸ್‌ನಲ್ಲಿ ಯು ಒತ್ತಬೇಕು, ಆಗಲೇ ಅದು ಹೊಸ ಚೀಟಿಯನ್ನು ಓದಿಕೊಳ್ಳುವುದು.

ಅಂಕಿ ಅಳಿಸಿಹೋಗಿದ್ದ ಎರಡು ಕ್ಯಾಸೆಟ್ಟುಗಳ ಸರದಿಯನ್ನು ಗೊತ್ತುಮಾಡಿದ್ದು ಮಾತ್ರ ಅಜ್ಜಿ, ಅದೂ ಆಕಸ್ಮಿಕವಾಗಿ. ಕಂಪ್ಯೂಟರಿನ ಧೂಳು ಒರೆಸುವಾಗ ಎಸ್ ಕೀ ಒತ್ತಿಹೋಗಿತ್ತು. ಅದನ್ನು ಒತ್ತಿದರೆ ಸಿಮಸ್ ಹಾಡುಗಳನ್ನು ಇಸ್ಪೀಟಿನಂತೆ ಕಲಸುತ್ತದೆ. ಬಲಗಡೆ ಕೆಳಮೂಲೆಯಲ್ಲಿ ಒಂದು ಪುಟ್ಟ ಎಸ್ ಮೂಡುವುದು ಬಿಟ್ಟರೆ ಬೇರೆ ಸೂಚನೆಯಿಲ್ಲ. ಹುಡುಗನಿಗೆ ಏನೂ ತಿಳಿಯಲಿಲ್ಲ, ಲೆಕ್ಕ ಮಾಡುತ್ತ ಕೇಳುತ್ತಿದ್ದ. ಹೂ ಕಟ್ಟುತ್ತಿದ್ದ ಅಜ್ಜಿ ತಲೆಯೆತ್ತಿದರು.

"ನಿಲ್ಸ್ಲಾ ಮಗ. ನೀಲೇಗೌಡ ಇನ್ನೂ ಕಾಡಿಗೇ ಹೋಗಿಲ್ಲ, ಆಗ್ಲೇ ಕಾರಯ್ಯ ಬಿಲ್ಲಯ್ಯ ಹುಟ್‌ಬುಟ್ರಾ?"

ಕಥೆ ಬಲ್ಲವರಿಗೆ ಇದರ ಅಭಾಸ ತಿಳಿದೀತು. ನೀಲೇಗೌಡ ಕಾಡಿಗೆ ಹೊರಡುವ ಮುನ್ನ ಹೆಂಡತಿಯಿಂದ ಭಾಷೆ ಕೇಳುತ್ತಾನೆ, ಸಂಕಮ್ಮ ಒಪ್ಪುವುದಿಲ್ಲ, ಅವಳನ್ನು ಅವನು ಹಿಂಸೆಗೆ ಗುರಿಮಾಡಿ ಹೋಗುತ್ತಾನೆ. ಮಾದಪ್ಪ ಬಂದು ಕಾಪಾಡಿ ಮಕ್ಕಳ ಫಲ ಕೊಡುವುದು ಆಮೇಲೆ. ಆ ಸಂಜೆ ಅಜ್ಜಿಯನ್ನು ಕೂರಿಸಿಕೊಂಡು ಅಪ್ಪ, ಮಗ ಇಬ್ಬರೂ ಹದಿನಾಲ್ಕು ಮಗ್ಗುಲುಗಳ ಮೊದಲ ಒಂದೊಂದು ನಿಮಿಷ ಕೇಳಿಸಿದರು. ಅಜ್ಜಿ "ಇದು ಮುಂದೆ, ಅದು ಹಿಂದೆ" ಎನ್ನುತ್ತ ಹೋದರು. ಅಂಕಿ ಸ್ಪಷ್ಟವಾಗಿದ್ದ ಐದರಲ್ಲೂ ಒಂದನ್ನು ಅಪ್ಪ ಆ ರಾತ್ರಿಯ ನಿದ್ದೆಗಣ್ಣಿನಲ್ಲಿ ತಪ್ಪಾಗಿ ಗುರುತು ಹಾಕಿದ್ದು ಬಯಲಾಯಿತು. ಸಾಲು ಸರಿಹೋಯಿತು. ಹೀಗೆ ಸರಣಿಯಾಗಿ ಕೇಳಬೇಕಾದವರು ಎಸ್ ಕೀಯಿಂದ ಬೆರಳು ದೂರವಿಡುವುದು ಲೇಸು. ಏಳನೆಯ ನೋಟಕ್ಕೆ ಹೋಗಿ ರೆಸ್ಯೂಮ್ ಎಂಬಲ್ಲಿ ಸ್ಪೇಸ್ ಒತ್ತಿಟ್ಟರೆ, ಕರೆಂಟು ಉಳಿಸಲು ಕಂಪ್ಯೂಟರ್ ಆರಿಸಿ ಮರುದಿನ ತೆರೆದಾಗ ಬಿಟ್ಟ ಜಾಗದಿಂದಲೇ ಕಥೆ ಮುಂದುವರಿಯುತ್ತದೆ.

ಒಂದು ಎಚ್ಚರಿಕೆ. ದೊಡ್ಡ ಡಿ ಒತ್ತಿದರೆ ಹಾಡು ಪಟ್ಟಿಯಿಂದ ಹೋಗುತ್ತದೆ, ಕಡತಕ್ಕೆ ಅಪಾಯವಿಲ್ಲ. ಆದರೆ ಐದನೆಯ ನೋಟದಲ್ಲಿ ಅದೇ ಡಿ ಒತ್ತಿ, ಕೇಳಿದ್ದಕ್ಕೆ ವೈ ಎಂದರೆ ಕಡತವೇ ಅಳಿದುಹೋಗುತ್ತದೆ. ಆದ್ದರಿಂದ ಇನ್ನೊಂದು ಪ್ರತಿ ಬೇರೆ ಕಡೆ ಇರಲೇಬೇಕು. ಈ ಮನೆಯವರು ಒಂದು ಪೆನ್‌ಡ್ರೈವನ್ನು ಯಳಂದೂರಿನ ಅತ್ತೆಯ ಬೀರುವಿನಲ್ಲಿಟ್ಟಿದ್ದಾರೆ. ಜಾತ್ರೆಯಲ್ಲಿ ಕೊಂಡ ಕ್ಯಾಸೆಟ್ಟುಗಳ ಪ್ರತಿಯನ್ನು ಮನೆಯಲ್ಲಿ ಕೇಳುವುದು ಬೇರೆ, ಊರಿಗೆಲ್ಲ ಹಂಚುವುದು ಬೇರೆ; ಧ್ವನಿಮುದ್ರಣ ಪ್ರಕಟವಾದ ಮೇಲೆ ಅರವತ್ತು ವರ್ಷ ಅದರ ಹಕ್ಕು ಒಡೆಯರದು. ಮನೆಯ ಏಳು ಕ್ಯಾಸೆಟ್ಟಿನ ವಿಷಯದಲ್ಲೂ ಹಾಡಿದವರ ಮನೆಯವರನ್ನು ಕೇಳದೆ ಯಾರಿಗೂ ಕಳಿಸುವುದು ಬೇಡವೆಂದು ಅಪ್ಪ ಹೇಳಿದ್ದಾರೆ.

ಪರೀಕ್ಷೆ ಹತ್ತಿರವಿರುವುದರಿಂದ ಸಿಮಸ್‌ಗೆ ಈಗ ರಾತ್ರಿ ಊಟದ ಹೊತ್ತು ಮಾತ್ರ ಅನುಮತಿ. ಎಂಟರ್ ಒತ್ತುವುದು ಅಪ್ಪ. ಗುಂಡಿ ಎಲ್ಲಿದೆಯೆಂದು ಅವರು ಈಚೆಗೆ ಕೇಳುವುದಿಲ್ಲ. ನೋ ನೇಮ್ ಎಂಬ ತಲೆಬರಹ ಪಟ್ಟಿಯಿಂದ ಮಾಯವಾಗಿದೆ. ಹಿಮ್ಮೇಳದ ಎರಡನೆಯವರ ಹೆಸರು ಮಾತ್ರ ಇನ್ನೂ ಸಿಕ್ಕಿಲ್ಲ. ಬರುವ ಅಮಾವಾಸ್ಯೆಗೆ ಬೆಟ್ಟಕ್ಕೆ ಹೋಗುವಾಗ ಹನೂರಿನಲ್ಲಿ ಇಳಿದು, ಹಾಡಿದವರ ಊರಿಗೆ ಹೋಗಿ ವಿಚಾರಿಸಿಕೊಂಡು ಬರುವುದೆಂದು ಗೊತ್ತಾಗಿದೆ. ಸದ್ಯಕ್ಕೆ ಚೀಟಿಯ ಆ ಜಾಗದಲ್ಲಿ "ಇನ್ನೊಬ್ಬರು" ಎಂದಿದೆ.